ಅವರೆಕಾಳೂ ಫ್ಲೂ ಜ್ವರವೂ

ಪುಷ್ಯಮಾಸ ಬಂದಿತೆಂದರೆ ಶಿವಗಂಗೆಯ ಬೆಟ್ಟದ ಸುತ್ತಿನ ಹೊಲಗಳಲ್ಲಿ ರಾಗಿಯ ಕುಯ್ಲು ಮುಗಿದು, ತೆನೆ ಕಣವನ್ನು ಸೇರಿ, ಕೂಳೆಯ ನಡುವೆ ಅವರೆಯ ಸಾಲುಗಳು ಮಾತ್ರ ಹಸಿರಾಗಿ ನಿಂತಿರುತ್ತವೆ. ಬೆಟ್ಟದ ಮೇಲೆ ಗಂಗಾಧರೇಶ್ವರಸ್ವಾಮಿಯ ಗಿರಿಜಾಕಲ್ಯಾಣಕ್ಕೆ ಸಿದ್ಧತೆ ನಡೆಯುವ ಹೊತ್ತಿಗೆ ಕೆಳಗೆ ಕಾಯಿ ಬಲಿತು ಸೊಗಡು ತುಂಬಿರುತ್ತದೆ. ಸಂಕ್ರಾಂತಿಯ ಕಾಲಕ್ಕೆ ಬಂದ ಬೆಂಗಳೂರಿನ ಸಂಸಾರಗಳು ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು, ನೀರು ಸಿಕ್ಕಿತೋ ಇಲ್ಲವೋ ಎಂದು ತಮ್ಮ ತಮ್ಮ ಪುಣ್ಯದ ಲೆಕ್ಕವನ್ನು ನೋಡಿಕೊಂಡು ಇಳಿದುಬಂದ ಮೇಲೆ, ದಾಬಸ್‌ಪೇಟೆಯ ಹಾದಿಯಲ್ಲಿ ಒಂದೆರಡು ಕಿಲೋ ಅವರೆಕಾಯಿಯನ್ನು ಕೊಳ್ಳದೆ ಊರಿಗೆ ಹಿಂದಿರುಗುವುದು ಅಪರೂಪ.

ನೆಲಮಂಗಲದ ಈ ಸೀಮೆಗೂ ಬೆಟ್ಟದ ಆಚೆಯ ಮಾಗಡಿಯ ಸೀಮೆಗೂ ಅವರೆ ಬಹು ಹಳೆಯ ನಂಟು. ಇಲ್ಲಿನ ಒಕ್ಕಲಿಗ ರಾಗಿಯನ್ನು ಒಂಟಿಯಾಗಿ ಬಿತ್ತುವವನಲ್ಲ. ರಾಗಿಯ ನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು, ಸಾಸುವೆಗಳನ್ನು ಹಾಕುತ್ತಾನೆ. ಹೊಲದ ಅಂಚಿನಲ್ಲಿ ನಾಲ್ಕು ಹರಳು ಗಿಡಗಳೂ ಇರುತ್ತವೆ. ಮಳೆ ಕೈಕೊಟ್ಟು ರಾಗಿ ಹೋದರೂ ಚಳಿಗಾಲದ ಇಬ್ಬನಿಯಲ್ಲಿ ಬೆಳೆಯುವ ಅವರೆ ಮನೆಯನ್ನು ಕಾಯುತ್ತದೆಂಬುದು ಅನುಭವದ ಮಾತು. ನಾಟಿ ಅವರೆ ಹಗಲು ಕಿರಿದಾಗುವವರೆಗೆ ಹೂ ಬಿಡುವುದಿಲ್ಲ. ಆದುದರಿಂದಲೇ ಅದಕ್ಕೊಂದು ಕಾಲ, ಆ ಕಾಲಕ್ಕೊಂದು ಅಡಿಗೆ. ಕಾಯಿಯ ಸಿಪ್ಪೆಯ ಮೇಲಿನ ಆ ಜಿಡ್ಡು, ಬಿಡಿಸಿದವರ ಕೈಯಿಂದ ಸಂಜೆಯವರೆಗೂ ಹೋಗದ ಆ ಸೊಗಡು, ಕೆಲವು ಕೊಬ್ಬಿನ ಆಮ್ಲಗಳಿಂದ ಕೂಡಿದ್ದೆಂದು ರಸಾಯನಶಾಸ್ತ್ರಜ್ಞರು ೧೯೭೦ರ ದಶಕದಲ್ಲಿಯೇ ಬಿಡಿಸಿ ತೋರಿಸಿದ್ದಾರೆ.

ಇಂಥ ಮನೆಮಾತಿನ ಕಾಳು ಈಚಿನ ವರ್ಷಗಳಲ್ಲಿ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಒಂದು ವಿಚಿತ್ರವಾದ ಕೀರ್ತಿಯನ್ನು ಸಂಪಾದಿಸಿದೆ. ೨೦೨೦ರಲ್ಲಿ, ಕೋವಿಡ್ ವ್ಯಾಧಿ ಲೋಕವನ್ನೆಲ್ಲ ಮನೆಯೊಳಗೆ ಕೂರಿಸಿದ್ದ ಕಾಲದಲ್ಲಿ, ತೈವಾನಿನ ರಾಜಧಾನಿ ತೈಪೆಯ ಅಕಾಡೆಮಿಯಾ ಸಿನಿಕಾ ಎಂಬ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು, ಅವರೆಕಾಳಿನಲ್ಲಿರುವ ಒಂದು ಸಸಾರಜನಕ, ಎಂದರೆ ಪ್ರೋಟೀನು, ಫ್ಲೂ ಜ್ವರದ ವೈರಸ್ಸನ್ನೂ ಕೋವಿಡ್ ವೈರಸ್ಸನ್ನೂ ತಡೆಯಬಲ್ಲುದೆಂದು 'ಸೆಲ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ೨೦೨೫ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು ಇದೇ ಕಾಳಿನ ಹಿಟ್ಟನ್ನು ಸೇರಿಸಿ ಅಗಿಯುವ ಗಮ್ಮನ್ನೇ ಮಾಡಿದರು. ಸುದ್ದಿ ಇಷ್ಟಾದರೆ ಗೃಹಿಣಿಯರು ಕೇಳುವ ಪ್ರಶ್ನೆ ಸಹಜವಾದುದೇ: ಹಾಗಾದರೆ ಹಿದುಕಿದ ಬೇಳೆಯ ಸಾರು ಉಂಡ ಮನೆಗೆ ಫ್ಲೂ ಬರುವುದಿಲ್ಲವೆ?

ಉತ್ತರ ಒಂದೇ ಮಾತಿನಲ್ಲಿ ಬೇಕಾದರೆ, ಬರುತ್ತದೆ. ಆದರೆ ಏಕೆ ಬರುತ್ತದೆಂಬುದನ್ನು ತಿಳಿಯುವುದು ಹೆಚ್ಚು ಪ್ರಯೋಜನಕರ. ಏಕೆಂದರೆ ಆ 'ಏಕೆ'ಯನ್ನು ಬಿಟ್ಟು ಸುದ್ದಿಯನ್ನು ಮಾತ್ರ ಹಿಡಿದುಕೊಂಡವರು, ಬೇಯಿಸಿದರೆ ಗುಣ ಹೋಗುತ್ತದೆಂಬ ಅರ್ಧ ಮಾತನ್ನು ಕೇಳಿ, ಹಸಿಕಾಳನ್ನು ಅರೆದು ಮಕ್ಕಳಿಗೆ ಕುಡಿಸಲು ಹೊರಡುವ ಅಪಾಯವಿದೆ.

ಅವರೆಯಲ್ಲಿ ಸಿಕ್ಕಿದ ಆ ವಸ್ತು ಲೆಕ್ಟಿನ್ ಎಂಬ ವರ್ಗಕ್ಕೆ ಸೇರಿದ್ದು. ಸಕ್ಕರೆಯ ಅಣುಗಳನ್ನು ಗುರುತಿಸಿ ಹಿಡಿದುಕೊಳ್ಳುವುದು ಲೆಕ್ಟಿನ್ನುಗಳ ಸ್ವಭಾವ. ಇವುಗಳ ಇತಿಹಾಸ ಶಿವಗಂಗೆಯ ಹೊಲದ ಅಂಚಿನಲ್ಲಿ ನಿಂತಿರುವ ಆ ಇನ್ನೊಂದು ಗಿಡದಿಂದಲೇ, ಹರಳಿನಿಂದಲೇ, ಮೊದಲಾಗುತ್ತದೆ. ಈಗ ಎಸ್ಟೋನಿಯ ದೇಶದಲ್ಲಿರುವ ಟಾರ್ಟು ನಗರಕ್ಕೆ ಆಗ ಡೋರ್ಪಾಟ್ ಎಂದು ಹೆಸರು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ೧೮೮೮ರಲ್ಲಿ ಪೀಟರ್ ಹರ್ಮನ್ ಸ್ಟಿಲ್‌ಮಾರ್ಕ್ ಎಂಬ ತರುಣ ಹರಳುಬೀಜದ ರಸವನ್ನು ರಕ್ತಕ್ಕೆ ಬೆರೆಸಿದಾಗ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಂಡು ಮುದ್ದೆಗಟ್ಟಿದವು. ರಿಸಿನ್ ಎಂಬ ಘೋರವಾದ ವಿಷ ಹೀಗೆ ಬೆಳಕಿಗೆ ಬಂದಿತು. ಮೊಮ್ಮಕ್ಕಳಿಗೆ ಹರಳೆಣ್ಣೆ ಕುಡಿಸಿದ ಅಜ್ಜಿಯರು ಇದನ್ನು ಓದಿ ಗಾಬರಿಪಡಬೇಕಾದುದಿಲ್ಲ. ಆ ವಿಷ ಹಿಂಡಿಯಲ್ಲಿ ಉಳಿಯುತ್ತದೆಯೇ ಹೊರತು ಎಣ್ಣೆಗೆ ಬರುವುದಿಲ್ಲ.

ಮುಂದೆ ೧೯೫೧ರಲ್ಲಿ ಜಿ. ಡಬ್ಲ್ಯು. ಜಿ. ಬರ್ಡ್ ಎಂಬ ವೈದ್ಯವಿಜ್ಞಾನಿ ನಮ್ಮ ಹುರುಳಿಯನ್ನು ಕೈಗೆತ್ತಿಕೊಂಡರು. ಹುರುಳಿಕಾಳಿನ ರಸ ಎಲ್ಲ ರಕ್ತವನ್ನೂ ಒಂದೇ ರೀತಿಯಲ್ಲಿ ಮುಟ್ಟುವುದಿಲ್ಲ, 'ಎ' ಗುಂಪಿನ ರಕ್ತಕಣಗಳನ್ನು ಆರಿಸಿ ಹಿಡಿಯುತ್ತದೆ ಎಂಬುದನ್ನು ಅವರು ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. 'ಎ' ಗುಂಪಿನೊಳಗಿನ ಎರಡು ಉಪಗುಂಪುಗಳನ್ನು ಬೇರ್ಪಡಿಸಲು ರಕ್ತನಿಧಿಗಳಲ್ಲಿ ಈ ಹೊತ್ತಿಗೂ ಹುರುಳಿಯ ಲೆಕ್ಟಿನ್ನೇ ಬಳಕೆಯಲ್ಲಿದೆ. ಬಸ್ಸಾರಿನ ಹುರುಳಿಗೆ ಇಂಥದೊಂದು ಉದ್ಯೋಗವೂ ಇದೆಯೆಂಬುದು ಅನೇಕರಿಗೆ ಹೊಸ ಸಂಗತಿಯಾಗಿರಬಹುದು. ೧೯೫೪ರಲ್ಲಿ ಅಮೆರಿಕದ ವಿಲಿಯಂ ಬಾಯ್ಡ್ ಇಂಥ ವಸ್ತುಗಳಿಗೆಲ್ಲ 'ಲೆಕ್ಟಿನ್' ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ 'ಆರಿಸು' ಎಂಬ ಅರ್ಥದ ಧಾತುವಿನಿಂದ ಬಂದ ಪದವದು.

ಸಕ್ಕರೆಯನ್ನು ಹಿಡಿಯುವ ಈ ವಸ್ತುವಿಗೂ ವೈರಸ್ಸಿಗೂ ಏನು ಸಂಬಂಧ? ಸಂಕ್ರಾಂತಿಯ ಎಳ್ಳುಬೀರುವ ತಟ್ಟೆಯಲ್ಲಿ ಕೆಲವು ಮನೆಗಳವರು ಕುಸುರೆಳ್ಳನ್ನೂ ಇಡುತ್ತಾರೆ. ಒಂದೊಂದೇ ಎಳ್ಳಿನ ಮೇಲೆ ಸಕ್ಕರೆಯ ಪಾಕ ಕೂರಿಸಿ, ಮೈತುಂಬ ಸಣ್ಣ ಮುಳ್ಳೇಳುವಂತೆ ಹುರಿದ ಆ ಕಾಳನ್ನು ಹತ್ತಾರು ಸಾವಿರ ಪಾಲು ಕಿರಿದುಮಾಡಿ ಊಹಿಸಿಕೊಂಡರೆ ಫ್ಲೂ ವೈರಸ್ಸಿನ ರೂಪ ಸುಮಾರಾಗಿ ಕಣ್ಣಿಗೆ ಕಟ್ಟುತ್ತದೆ. ವೈರಸ್ಸಿನ ಹೊರಮೈಯಲ್ಲೆಲ್ಲ ಪ್ರೋಟೀನಿನ ಮುಳ್ಳುಗಳು. ಆ ಮುಳ್ಳುಗಳ ಮೈಗೆ ಸಕ್ಕರೆಯ ಸರಗಳು ಅಂಟಿಕೊಂಡಿರುತ್ತವೆ. ಈ ಸಕ್ಕರೆ ವೈರಸ್ಸಿನ ಸ್ವಂತ ಸಂಪಾದನೆಯಲ್ಲ. ತಾನು ಹೊಕ್ಕ ಜೀವಕೋಶದ ಉಗ್ರಾಣದಿಂದಲೇ ಕದ್ದು ಹೊದ್ದುಕೊಂಡ ಶಾಲು ಅದು. ನಮ್ಮ ದೇಹದ ಕಾವಲುಗಾರರು ಸ್ವಂತ ಮನೆಯ ಶಾಲನ್ನು ಕಂಡು ಸುಮ್ಮನಾಗುವುದೂ ಉಂಟು. ಆದರೆ ಅವರೆಯ ಲೆಕ್ಟಿನ್ನಿಗೆ ಕಾಣುವುದು ಆ ಶಾಲೇ. ಅದನ್ನು ಹಿಡಿದುಕೊಂಡರೆ ಮುಳ್ಳು ಕೆಲಸಕ್ಕೆ ಬಾರದಾಗುತ್ತದೆ.

ಈ ಅವರೆಯ ಲೆಕ್ಟಿನ್ನಿಗೆ 'ಫ್ರಿಲ್' ಎಂದು ಹೆಸರು. ಅದನ್ನು ಮೊದಲು ಹುಡುಕಿದವರು ವೈರಸ್ಸಿನ ಯೋಚನೆಯನ್ನೇ ಮಾಡಿದವರಲ್ಲ. ರಕ್ತವನ್ನು ಹುಟ್ಟಿಸುವ ಮೂಲಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಕೆಡದಂತೆ ಇಟ್ಟುಕೊಳ್ಳುವ ಉಪಾಯವನ್ನು ಅರಸುತ್ತಿದ್ದ ಅಮೆರಿಕದ ವಿಜ್ಞಾನಿಗಳಿಗೆ ಅವರೆಯ ಈ ಪ್ರೋಟೀನು ದೊರಕಿ, ೧೯೯೯ರಲ್ಲಿ ಅದರ ವಿವರ ಪ್ರಕಟವಾಯಿತು. ಇಪ್ಪತ್ತು ವರ್ಷಗಳ ತರುವಾಯ ತೈಪೆಯವರು, ಚೀನೀ ವೈದ್ಯಪದ್ಧತಿಯಲ್ಲಿ ಬಳಕೆಯಲ್ಲಿರುವ ಗಿಡಮೂಲಿಕೆಗಳ ಸಾರಗಳನ್ನು ಒಂದೊಂದಾಗಿ ಫ್ಲೂ ವೈರಸ್ಸಿನ ಮೇಲೆ ಪ್ರಯೋಗಿಸುತ್ತ ಬಂದಾಗ ಅವರೆಯಲ್ಲಿ ತಡೆದು ನಿಂತರು. ಅಲ್ಲಿ ಬಿಳಿ ಅವರೆ ಬಹುಕಾಲದಿಂದ ಔಷಧದ ಅಂಗಡಿಯ ಸರಕು. ಇಲ್ಲಿ ಅದು ಅಡಿಗೆಮನೆಯ ಡಬ್ಬಿಯ ಸರಕು. ಗಿಡ ಮಾತ್ರ ಒಂದೇ.

ಪ್ರಯೋಗದ ಫಲ ಸಾಮಾನ್ಯವಾದುದಾಗಿರಲಿಲ್ಲ. ಮನುಷ್ಯರಿಗೂ ಹಕ್ಕಿಗಳಿಗೂ ತಗಲುವ ಫ್ಲೂ ವೈರಸ್ಸಿನ ೧೧ ಬಗೆಗಳನ್ನು ಅತ್ಯಲ್ಪ ಪ್ರಮಾಣದ ಫ್ರಿಲ್ ನಿಷ್ಕ್ರಿಯಗೊಳಿಸಿತು. ಕೋವಿಡ್ ವೈರಸ್ಸಿನ ಮೇಲೂ ಪ್ರಬಲವಾಗಿ ಕೆಲಸ ಮಾಡಿತು. ಅದು ಮಾಡಿದ ಬಗೆಯಂತೂ ಸ್ವಾರಸ್ಯವಾದುದು. ಫ್ಲೂ ವೈರಸ್ಸು ಜೀವಕೋಶದೊಳಕ್ಕೆ ನುಗ್ಗುವಾಗ ಒಂದು ಸಣ್ಣ ಚೀಲದಲ್ಲಿ ಸುತ್ತಿಕೊಂಡು ಒಳಗೆ ಸಾಗಿ, ಸಮಯ ನೋಡಿ ಚೀಲವನ್ನು ಒಡೆದು ಹೊರಬಂದು, ಕೋಶದ ಕೇಂದ್ರವನ್ನು ಸೇರಿ ತನ್ನ ಸಂತಾನವನ್ನು ಬೆಳಸಬೇಕು. ಫ್ರಿಲ್ ಅಂಟಿಕೊಂಡ ವೈರಸ್ಸು ಚೀಲದವರೆಗೆ ಬಂದರೂ ಅದರಿಂದ ಹೊರಬೀಳಲಾರದು. ಬಾಗಿಲು ದಾಟಿದ ಕಳ್ಳ ಹಜಾರದಲ್ಲಿಯೇ ಸೆರೆಯಾಗಿ, ನಡುಮನೆಯ ಪೆಟ್ಟಿಗೆಯನ್ನು ಮುಟ್ಟದೆ ಉಳಿದಂತಾಯಿತು. ಬಳಿಕ ಇಲಿಗಳಿಗೆ ಸಾವು ತರುವಷ್ಟು ಫ್ಲೂ ವೈರಸ್ಸನ್ನು ಕೊಟ್ಟು ನೋಡಿದರು. ಫ್ರಿಲ್ ಪಡೆದ ಇಲಿಗಳಿಗೆ ರಕ್ಷಣೆ ದೊರಕಿತು.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ಆ ಇಲಿಗಳು ಅವರೆಕಾಳನ್ನು ತಿನ್ನಲಿಲ್ಲ. ಕಾಳಿನಿಂದ ಪ್ರತ್ಯೇಕಿಸಿ ಶುದ್ಧಗೊಳಿಸಿದ ಫ್ರಿಲ್ಲನ್ನು ಅವುಗಳ ಮೂಗಿಗೆ ಹಾಕಿದ್ದರು. ಫ್ಲೂ ವೈರಸ್ಸು ಮೊದಲು ಹಿಡಿಯುವ ದಾರಿಯೇ ಮೂಗು ಮತ್ತು ಗಂಟಲು. ಆ ದಾರಿಯಲ್ಲಿಯೇ ಕಾವಲು ನಿಂತರೆ ಕೆಲಸವಾಗುತ್ತದೆ. ಊಟದ ಎಲೆಯ ಮೇಲಿನ ಅವರೆ ಹೋಗುವ ದಾರಿ ಬೇರೆ. ಹೊಟ್ಟೆಗೆ ಇಳಿದ ಕಾಳು ಮೂಗಿಗೆ ಕಾವಲು ಹೇಗೆ ಆದೀತು?

ಇದಕ್ಕಿಂತ ದೊಡ್ಡ ತೊಡಕು ಒಲೆಯದು. ಪ್ರೋಟೀನು ಕೆಲಸ ಮಾಡುವುದು ತನ್ನ ಮಡಿಕೆಗಳ ಬಲದಿಂದ. ಸಕ್ಕರೆಯನ್ನು ಹಿಡಿಯುವ ಅದರ ಅಂಗೈ ಆ ಮಡಿಕೆಗಳಿಂದಾದುದು. ಕುದಿಯುವ ನೀರಿನಲ್ಲಿ ಮಡಿಕೆಗಳೆಲ್ಲ ಬಿಚ್ಚಿಹೋಗುತ್ತವೆ. ಶಿವಗಂಗೆಯಲ್ಲಿ ಲಿಂಗದ ಮೇಲೆ ಸವರಿದ ತುಪ್ಪ ಮರಳಿ ಬೆಣ್ಣೆಯಾಗುತ್ತದೆಂದು ಭಕ್ತರು ನಂಬುತ್ತಾರೆ, ಆ ಬೆಣ್ಣೆಯನ್ನು ಪ್ರಸಾದವೆಂದು ತರುತ್ತಾರೆ. ಬೆಂದ ಲೆಕ್ಟಿನ್ ಹಸಿಯ ಲೆಕ್ಟಿನ್ನಾಗುವ ಕ್ಷೇತ್ರ ಮಾತ್ರ ಎಲ್ಲಿಯೂ ಇಲ್ಲ. ಸಾರಿನಲ್ಲಿ ಬೆಂದ ಅವರೆಯ ಫ್ರಿಲ್, ಬೆಂದ ಮೊಟ್ಟೆಯ ಬಿಳಿಯಂತೆ, ಒಳ್ಳೆಯ ಆಹಾರವಾಗಿ ಉಳಿಯುತ್ತದೆ, ಕಾವಲುಗಾರನಾಗಿ ಉಳಿಯುವುದಿಲ್ಲ.

ಹಾಗಾದರೆ ಬೇಯಿಸದೆ ತಿನ್ನಬಾರದೇಕೆ ಎಂಬ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. ತಿನ್ನಬಾರದು. ಲೆಕ್ಟಿನ್ನುಗಳು ಕೈಚಾಚುವುದು ವೈರಸ್ಸಿನ ಸಕ್ಕರೆಗೆ ಮಾತ್ರವಲ್ಲ. ಕರುಳಿನ ಒಳಮೈಯ ಕೋಶಗಳ ಮೇಲೂ ಸಕ್ಕರೆಯ ಸರಗಳಿವೆ. ಹುರುಳಿಕಾಯಿಯ ಜಾತಿಗೆ ಸೇರಿದ, ಉತ್ತರ ದೇಶದವರು ರಾಜ್ಮಾ ಎನ್ನುವ ಕೆಂಪು ಕಾಳನ್ನು ಅರೆಬೇಯಿಸಿ ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿಭೇದಿಗಳುಂಟಾಗುವುದು ವೈದ್ಯರಿಗೆ ಚೆನ್ನಾಗಿ ತಿಳಿದ ವಿಷಯ. ಆ ಕಾಳನ್ನು ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷವಾದರೂ ಕುದಿಸಬೇಕೆಂಬುದು ನಿಯಮ. ಸಣ್ಣ ಉರಿಯ ಮೇಲೆ ಕುದಿ ಬಾರದಂತೆ ಬಹಳ ಹೊತ್ತು ಇಟ್ಟರೆ ಸಾಲದು. ಹಾಗೆ ಮಾಡುವುದರಿಂದ ವಿಷ ಹೆಚ್ಚಿದಂತೆ ಕಂಡುಬಂದುದೂ ಉಂಟು. ಒಣಗಿದ ಅವರೆಕಾಳಿನಲ್ಲಿ ಲೆಕ್ಟಿನ್ ಅಲ್ಲದೆ ಸಯನೈಡನ್ನು ಬಿಡಿಸುವ ವಸ್ತುಗಳೂ, ಜೀರ್ಣರಸವನ್ನು ತಡೆಯುವ ವಸ್ತುಗಳೂ ಸ್ವಲ್ಪಮಟ್ಟಿಗೆ ಇರುತ್ತವೆ. ಇವನ್ನು ತಗ್ಗಿಸುವ ವಿದ್ಯೆ ನೆನೆಸುವುದು, ತೊಳೆಯುವುದು, ಕುದಿಸುವುದು ಇಷ್ಟೇ.

೨೦೦೬ರ ಮೇ ತಿಂಗಳಲ್ಲಿ ಜಪಾನಿನಲ್ಲಿ ನಡೆದುದನ್ನು ಇಲ್ಲಿ ನೆನೆಯಬೇಕು. ಅಲ್ಲಿನ ಒಂದು ಟೆಲಿವಿಷನ್ ಕಾರ್ಯಕ್ರಮದಲ್ಲಿ ಮೈ ಇಳಿಸುವ ಉಪಾಯವೆಂದು, ಬಿಳಿಯ ಹುರುಳಿಕಾಳನ್ನು ಕೆಲವು ನಿಮಿಷ ಮಾತ್ರ ಬಾಣಲೆಯಲ್ಲಿ ಹುರಿದು, ಪುಡಿಮಾಡಿ ಅನ್ನದ ಮೇಲೆ ಉದುರಿಸಿಕೊಂಡು ತಿನ್ನುವಂತೆ ಹೇಳಿದರು. ನೋಡಿದವರಲ್ಲಿ ನೂರಾರು ಜನ ಹಾಗೆಯೇ ಮಾಡಿ, ವಾಂತಿಭೇದಿಗಳಿಂದ ನರಳಿದರು. ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹೇಳಿದವರಿಗೆ ಕೇಡಿನ ಉದ್ದೇಶವಿರಲಿಲ್ಲ. ಆ ಕಾಳಿನಲ್ಲಿ ಪಿಷ್ಟದ ಜೀರ್ಣವನ್ನು ತಡೆಯುವ ವಸ್ತುವಿದೆಯೆಂಬುದೂ ಸುಳ್ಳಲ್ಲ. ಅದು ಬೇಯಿಸಿದರೆ ನಾಶವಾಗುತ್ತದೆಂದು ಉರಿಯನ್ನು ಕಡಮೆ ಮಾಡಿದರು. ಅದರ ಜೊತೆಗೆ ಲೆಕ್ಟಿನ್ನೂ ಉಳಿಯಿತು. ಅವರೆಯ ಸುದ್ದಿಯನ್ನು ಓದುವವರಿಗೆ ಈ ಕಥೆಗಿಂತ ಹತ್ತಿರದ ನಿದರ್ಶನ ಬೇಡ.

ಬೆಂಗಳೂರಿನ ಹೆಸರಿನ ಬಗೆಗೆ ಹೇಳುವ ಹಳೆಯ ಐತಿಹ್ಯ ಎಲ್ಲರೂ ಬಲ್ಲರು. ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟು ಹಸಿವು ತಣಿಸಿದಳಂತೆ, ಅದರಿಂದ ಬೆಂದಕಾಳೂರಂತೆ. ಬೇಗೂರಿನಲ್ಲಿ ಸುಮಾರು ಕ್ರಿ.ಶ. ೮೯೦ರ ವೀರಗಲ್ಲೊಂದು ಬೆಂಗಳೂರಿನ ಕಾಳಗವನ್ನು ಆಗಲೇ ಹೆಸರಿಸುವುದರಿಂದ ಬಲ್ಲಾಳನ ಕಥೆ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಆದರೂ ಮುದುಕಿಯ ವಿವೇಕವನ್ನು ಮೆಚ್ಚಬೇಕು: ರಾಜನೇ ಬಾಗಿಲಿಗೆ ಬಂದು ನಿಂತರೂ ಕಾಳನ್ನು ಬೇಯಿಸಿಯೇ ಕೊಟ್ಟಳು. ಮಾಗಿಯ ಕಾಲದಲ್ಲಿ ರಾತ್ರಿ ಅವರೆಕಾಳನ್ನು ನೆನೆಹಾಕಿ, ಬೆಳಿಗ್ಗೆ ಮನೆಮಂದಿಯೆಲ್ಲ ಮೊರವನ್ನು ಸುತ್ತುವರಿದು ಕೂತು, ಒಂದೊಂದೇ ಕಾಳನ್ನು ಹಿದುಕಿ ಸಿಪ್ಪೆಯನ್ನು ಬೇರೆಮಾಡಿ, ಬೇಳೆಯನ್ನು ತೊಳೆದು ಬೇಯಿಸುವ ಗೃಹಿಣಿ ಲೆಕ್ಟಿನ್ನಿನ ಹೆಸರನ್ನು ಕೇಳಿಲ್ಲದಿರಬಹುದು. ಅದಕ್ಕೆ ಮಾಡಬೇಕಾದುದನ್ನೆಲ್ಲ ಮಾಡಿ ಮುಗಿಸಿರುತ್ತಾಳೆ.

ಅಂದಮೇಲೆ ತೈಪೆಯವರ ಶೋಧ ವ್ಯರ್ಥವೆ? ಅಲ್ಲ. ಹಸಿಯ ಕಾಳಿನ ಗುಣವನ್ನು ಉಳಿಸಿಕೊಂಡು, ಅದನ್ನು ಹೊಟ್ಟೆಗಲ್ಲದೆ ಬೇಕಾದ ಸ್ಥಳಕ್ಕೆ ಮಾತ್ರ ತಲಪಿಸುವ ದಾರಿ ಯಾವುದೆಂಬುದೇ ಮುಂದಿನ ಪ್ರಶ್ನೆಯಾಯಿತು. ಪೆನ್ಸಿಲ್ವೇನಿಯದ ಗಮ್ಮಿನ ಪ್ರಯತ್ನ ಹುಟ್ಟಿದುದು ಇಲ್ಲಿ. ಅದರ ಮುಂದಾಳು ಹೆನ್ರಿ ಡೇನಿಯಲ್ ಅವರು ಮಧುರೆಯ ಕಾಮರಾಜ ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕಕ್ಕೆ ಹೋದವರು. ಅವರೆಯನ್ನು ಔಷಧವಾಗಿ ನೋಡುವುದಕ್ಕೆ ಮೊದಲು ಬಾಲ್ಯದಲ್ಲಿ ಆಹಾರವಾಗಿ ಕಂಡಿರಲೂ ಸಾಕು.

ಫ್ಲೂ ವೈರಸ್ಸು ಮೂಗಿನಿಂದ ಮಾತ್ರವಲ್ಲದೆ ಬಾಯಿಯಿಂದಲೂ ಹೊರಬಿದ್ದು ಇನ್ನೊಬ್ಬರಿಗೆ ಅಂಟುತ್ತದೆ. ತುಟಿಯ ಮೇಲೆ ಗುಳ್ಳೆಯೆಬ್ಬಿಸುವ ಹರ್ಪಿಸ್ ವೈರಸ್ಸಿಗಂತೂ ಬಾಯಿಯೇ ಮುಖ್ಯ ಮಾರ್ಗ, ಅದಕ್ಕೆ ಲಸಿಕೆಯೂ ಇಲ್ಲ. ಜೊಲ್ಲಿನಲ್ಲಿರುವ ವೈರಸ್ಸನ್ನು ಬಾಯಲ್ಲಿಯೇ ಹಿಡಿದುಹಾಕಿದರೆ, ರೋಗಿ ಗುಣವಾಗದಿದ್ದರೂ ಪಕ್ಕದವರಿಗೆ ಹರಡುವುದು ಕಡಮೆಯಾದೀತೆಂಬುದು ಅವರ ತರ್ಕ. ಅದಕ್ಕಾಗಿ ಅವರೆಯ ಹಿಟ್ಟನ್ನು ಸುಡದೆ, ಬೇಯಿಸದೆ, ಗಮ್ಮಿನ ಪುಡಿಯೊಡನೆ ಒತ್ತಿ ಬಿಲ್ಲೆಮಾಡಿದರು. ಎರಡು ಗ್ರಾಂ ತೂಕದ ಬಿಲ್ಲೆಯ ೪೦ ಮಿಲಿಗ್ರಾಂ ಅಂಶವೇ ಪ್ರಯೋಗದ ಪಾತ್ರೆಯಲ್ಲಿ ಎರಡು ಬಗೆಯ ಫ್ಲೂ ವೈರಸ್ಸುಗಳನ್ನೂ ಎರಡು ಬಗೆಯ ಹರ್ಪಿಸ್ ವೈರಸ್ಸುಗಳನ್ನೂ ಶೇಕಡ ೯೫ಕ್ಕಿಂತ ಹೆಚ್ಚಾಗಿ ತಗ್ಗಿಸಿತು. ಗಮ್ಮನ್ನು ಅಗಿದಂತೆ ಫ್ರಿಲ್ ಹೊರಬರುವುದೆಂಬುದನ್ನು ಬಾಯಿಯಂತೆ ಅಗಿಯುವ ಒಂದು ಯಂತ್ರದಲ್ಲಿ ಪರೀಕ್ಷಿಸಿದರು. ೨೦೨೫ರಲ್ಲಿ 'ಮಾಲಿಕ್ಯುಲರ್ ಥೆರಪಿ' ಪತ್ರಿಕೆ ಪ್ರಕಟಿಸಿದುದು ಈ ಫಲವನ್ನು. ಅಗಿದದ್ದು ಯಂತ್ರ, ಸೋತದ್ದು ಪಾತ್ರೆಯೊಳಗಿನ ವೈರಸ್ಸು; ಆ ಪ್ರಬಂಧದಲ್ಲಿ ಮನುಷ್ಯನ ಬಾಯಿ ಇನ್ನೂ ಪ್ರವೇಶಿಸಿರಲಿಲ್ಲ.

ಅವರೆಯೊಂದೇ ಇಂಥ ಸುದ್ದಿಗೆ ಗುರಿಯಾದುದಲ್ಲ. ೨೦೨೦ರಲ್ಲಿಯೇ ಅಮೆರಿಕದ ಉತ್ತರ ಕೆರೋಲಿನ ರಾಜ್ಯ ವಿಶ್ವವಿದ್ಯಾನಿಲಯದವರು ಹಸಿರು ಚಹ, ಒಂದು ಬಗೆಯ ದ್ರಾಕ್ಷಿ, ಕೋಕೋ ಮತ್ತು ಕಪ್ಪು ಚಾಕೊಲೇಟುಗಳಲ್ಲಿರುವ ಒಗರು ವಸ್ತುಗಳು ಕೋವಿಡ್ ವೈರಸ್ಸಿಗೆ ಅತ್ಯಗತ್ಯವಾದ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆಂದು ತೋರಿಸಿದರು. ಅದೂ ಗಾಜಿನ ಕೊಳವೆಯ ಮಾತೇ. ಬಾಳೆಹಣ್ಣಿನ ಲೆಕ್ಟಿನ್ ಎಚ್.ಐ.ವಿ.ಯನ್ನು ತಡೆಯುತ್ತದೆಂದು ಮಿಚಿಗನ್ ವಿಶ್ವವಿದ್ಯಾನಿಲಯದವರು ೨೦೧೦ರಲ್ಲಿ ಪ್ರಕಟಿಸಿದರು. ಆದರೆ ಅದು ದೇಹದ ರಕ್ಷಣಾಕೋಶಗಳನ್ನು ವೃಥಾ ಕೆರಳಿಸುತ್ತಿದ್ದುದರಿಂದ, ಅದರ ಒಂದು ಕೊಂಡಿಯನ್ನು ಬದಲಾಯಿಸಿ, ಕೆರಳಿಸುವ ಗುಣವನ್ನು ತಗ್ಗಿಸಿ ವೈರಸ್ಸನ್ನು ಹಿಡಿಯುವ ಗುಣವನ್ನು ಉಳಿಸಲು ೨೦೧೫ರವರೆಗೆ ದುಡಿಯಬೇಕಾಯಿತು. ನಮ್ಮ ಊರಿನ ಕೆಲಸವೂ ಇಲ್ಲಿ ಹಿಂದೆ ಬಿದ್ದಿಲ್ಲ. ಹಲಸಿನ ಬೀಜದ ಲೆಕ್ಟಿನ್ನಿಗೆ ಜಾಕಲಿನ್ ಎಂದು ಹೆಸರು. ಅದರ ಅಣುರಚನೆಯನ್ನು ೧೯೯೬ರಲ್ಲಿ ಬಿಡಿಸಿ ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಎಂ. ವಿಜಯನ್ ಮತ್ತು ಅವರ ಸಂಗಡಿಗರು. ಬೇಸಗೆಯಲ್ಲಿ ಕೆಂಡದಲ್ಲಿ ಸುಟ್ಟು ತಿನ್ನುವ ಹಲಸಿನ ಬೀಜದೊಳಗೆ ಸಕ್ಕರೆಯನ್ನು ಹಿಡಿಯುವ ಕೈ ಹೇಗಿದೆಯೆಂಬುದನ್ನು ಲೋಕ ಮೊದಲು ಕಂಡುದು ಮಲ್ಲೇಶ್ವರಕ್ಕೆ ಕೂಗಳತೆಯ ದೂರದಲ್ಲಿ.

ಪ್ರಯೋಗಶಾಲೆಯ ಪಾತ್ರೆಗೂ ಮನೆಯ ಪಾತ್ರೆಗೂ ನಡುವಿನ ದೂರವನ್ನು ಮರೆತರೆ ಏನಾಗುತ್ತದೆಂಬುದನ್ನು ಕೋವಿಡ್ ಕಾಲ ಬೇಕಾದಷ್ಟು ತೋರಿಸಿತು. ೨೦೨೦ರಲ್ಲಿ ಕೇಂದ್ರದ ಆಯುಷ್ ಸಚಿವಾಲಯ ತುಲಸಿ, ದಾಲಚಿನ್ನಿ, ಕರಿಮೆಣಸು, ಒಣಶುಂಠಿ, ದ್ರಾಕ್ಷಿಗಳ ಕಷಾಯವನ್ನು ಸೂಚಿಸಿದ ಮೇಲೆ ಬೆಂಗಳೂರಿನ ಮನೆಮನೆಯಲ್ಲಿಯೂ ಕಷಾಯದ ಪಾತ್ರೆ ಒಲೆಯನ್ನೇರಿತು. ಒಂದು ಲೋಟ ಕಷಾಯ ಗಂಟಲಿಗೆ ಹಿತವೆಂಬುದರಲ್ಲಿ ವಿವಾದವಿಲ್ಲ. ಆದರೆ ಹಿತವೆಂದುದನ್ನು ಕವಚವೆಂದು ತಿಳಿದವರೂ, ಮೂರು ಲೋಟ ಒಳ್ಳೆಯದಾದರೆ ಆರು ಲೋಟ ಇನ್ನೂ ಒಳ್ಳೆಯದೆಂದು ಎಣಿಸಿದವರೂ ಇದ್ದರು. ಅಮೃತಬಳ್ಳಿಯನ್ನು ಎಡೆಬಿಡದೆ ಸೇವಿಸಿದ ಆರು ರೋಗಿಗಳಲ್ಲಿ ಪಿತ್ತಕೋಶದ ಪಕ್ಕದ ಯಕೃತ್ತು ಕೆಟ್ಟುದನ್ನು ಮುಂಬಯಿಯ ವೈದ್ಯರು ೨೦೨೧ರಲ್ಲಿ ವರದಿಮಾಡಿದರು. ಆಯುಷ್ ಸಚಿವಾಲಯ ಈ ನಿರ್ಣಯವನ್ನು ಒಪ್ಪ‌ಲಿಲ್ಲ. ಗಿಡದ ಗುರುತನ್ನೇ ಸರಿಯಾಗಿ ಪರೀಕ್ಷಿಸಿಲ್ಲವೆಂದು ಆಕ್ಷೇಪಿಸಿತು. ಬಳ್ಳಿ ಯಾವುದೇ ಆಗಿರಲಿ, ಮನೆಯಲ್ಲಿ ಕಿತ್ತು ತಂದು ಕುದಿಸುವವರಿಗೆ ಆ ಆಕ್ಷೇಪದಿಂದಲೂ ಸಮಾಧಾನವಾಗುವಂತಿಲ್ಲ. ತಾವು ಕುಡಿಯುವ ಬಳ್ಳಿ ಸರಿಯಾದ ಬಳ್ಳಿಯೇ ಎಂದು ಗುರುತಿಸಬಲ್ಲವರು ಬೀದಿಗೆಷ್ಟು ಜನ?

ಬೆಂದ ಅವರೆಗೂ ಅದರದೇ ಆದ ಮಾನವಿದೆ. ಒಣಕಾಳಿನ ತೂಕದಲ್ಲಿ ಹೆಚ್ಚುಕಡಮೆ ನಾಲ್ಕನೆಯ ಒಂದು ಭಾಗ ಸಸಾರಜನಕ. ರಾಗಿಮುದ್ದೆಯಲ್ಲಿ ಕೊರತೆಯಿರುವ ಲೈಸೀನ್ ಎಂಬ ಅಂಶ ಅವರೆಯಲ್ಲಿ ಯಥೇಚ್ಛವಾಗಿದೆ. ಮುದ್ದೆಗೂ ಅವರೆಸಾರಿಗೂ ಕೂಡಿಬಂದುದು ನಾಲಗೆಯ ಒಪ್ಪಂದದಿಂದ ಮಾತ್ರವಲ್ಲವೆಂದು ಇದರಿಂದ ತಿಳಿಯುತ್ತದೆ. ಸಸಾರಜನಕ ಸಾಲದ ಮಗುವಿನ ದೇಹಕ್ಕೆ ರೋಗದ ಎದುರು ನಿಲ್ಲುವ ಶಕ್ತಿ ಕಡಮೆಯೆಂಬುದು ಎಲ್ಲ ದೇಶಗಳ ವೈದ್ಯರೂ ಒಪ್ಪಿದ ಮಾತು. ಅವರೆ ಫ್ಲೂ ಜ್ವರಕ್ಕೆ ಎದುರಾಗುವುದಾದರೆ ಈ ನಿಧಾನದ ದಾರಿಯಿಂದ, ವರ್ಷವಿಡೀ ತುಂಬಿದ ಹೊಟ್ಟೆಯ ದಾರಿಯಿಂದ. ಉಳಿದಂತೆ, ಮನೆಯಲ್ಲಿ ವಯಸ್ಸಾದವರೋ ಗರ್ಭಿಣಿಯರೋ ಉಬ್ಬಸದವರೋ ಇದ್ದರೆ ಫ್ಲೂವಿಗೆ ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆ ಇದೆ. ಅದರ ವಿಚಾರವನ್ನು ಮನೆಯ ವೈದ್ಯರಲ್ಲಿ ಕೇಳುವುದು ಅವರೆಯ ಹಿಟ್ಟನ್ನು ಮೂಗಿಗೇರಿಸುವುದಕ್ಕಿಂತ ಸುಲಭ.

ಇನ್ನು ಶಿವಗಂಗೆಯ ಒಕ್ಕಲಿಗನಿಗೆ ಈ ಶೋಧದಿಂದ ಏನಾದರೂ ಉಂಟೆ ಎಂದು ಕೇಳಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವ ಕಾಲಕ್ಕಾದರೂ ಹೂ ಬಿಡುವ ಹೆಬ್ಬಾಳ ಅವರೆ-೩, ಹೆಬ್ಬಾಳ ಅವರೆ-೪ ಎಂಬ ತಳಿಗಳನ್ನು ಕೊಟ್ಟ ಮೇಲೆ ಪೇಟೆಯಲ್ಲಿ ಅವರೆಕಾಯಿಗೆ ಮಾಗಿಯ ಹಂಗು ತಪ್ಪಿತು. ಹಳಬರು ಮಾತ್ರ ಅದಕ್ಕೆ ಮಾಗಿಯ ಸೊಗಡಿಲ್ಲವೆಂದು ಗೊಣಗುತ್ತಾರೆ. ಗೊಣಗುವುದರಲ್ಲಿ ನ್ಯಾಯವೂ ಇದೆ. ಆದರೆ ಗಮ್ಮಿಗೆ ಬೇಕಾದುದು ಸೊಗಡಲ್ಲ, ಹಸಿರು ಕಾಯಿಯೂ ಅಲ್ಲ. ಗಿಡದಲ್ಲಿಯೇ ಬಲಿತು ಒಣಗಿದ ಬೀಜ. ಸಂಕ್ರಾಂತಿಯ ಪೇಟೆ ಮುಗಿದ ಮೇಲೆ ಹೊಲದಲ್ಲಿ ಉಳಿದು, ಬಡಿದು, ಬೂದಿಯಲ್ಲಿ ಹೊರಳಿಸಿ ಮುಂದಿನ ಬಿತ್ತನೆಗೆಂದು ಮಡಕೆಯಲ್ಲಿ ಕಟ್ಟಿಡುವ ಕಾಳಿನ ಜಾತಿ ಅದು. ಕೃಷಿ ವಿಶ್ವವಿದ್ಯಾನಿಲಯದ ಸಂಗ್ರಹದಲ್ಲಿ ನಾಡಿನ ಹೊಲಗಳಿಂದ ತಂದ ಅವರೆಯ ತಳಿಗಳು ನೂರಾರಿವೆ: ಬಿಳಿಯವು, ಕಪ್ಪಿನವು, ಚಪ್ಪಟೆಯವು, ಗುಂಡಗಿನವು. ಅವುಗಳಲ್ಲಿ ಯಾವುದರ ಹೊಟ್ಟೆಯಲ್ಲಿ ಎಷ್ಟು ಫ್ರಿಲ್ ಇದೆಯೆಂದು ಅಳೆಯುವುದಕ್ಕೆ ಗಮ್ಮಿನ ಕಾರ್ಖಾನೆ ಬೇಕಿಲ್ಲ. ಒಂದು ಹಿಡಿ ಹಸಿಯ ಕಾಳು, ಬೀಸುವ ಕಲ್ಲು, ತಣ್ಣೀರು ಮತ್ತು ಹುರುಳಿಯ ರಸಕ್ಕೆ ಬರ್ಡ್ ಅವರು ೧೯೫೧ರಲ್ಲಿ ಬಳಸಿದಂಥ ಒಂದು ತೊಟ್ಟು ರಕ್ತದಿಂದಲೇ ಮೊದಲನೆಯ ಪರೀಕ್ಷೆಯನ್ನು ಆರಂಭಿಸಬಹುದು.